ಇಪ್ಪತ್ತು ಎಂದು ಬರೆದ ಉಸಿರು

ಹದಿನಾರು ಹಾಸಿಗೆಗಳನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸುವ ಆ ಸಿಸ್ಟರಿಗೆ ವಾರ್ಡಿನಲ್ಲಿ ಮಿಂಚಮ್ಮ ಎಂದೇ ಹೆಸರು. ಕಂಕುಳಿಗೆ ಥರ್ಮಾಮೀಟರ್, ತೋಳಿಗೆ ಬಿ.ಪಿ. ಪಟ್ಟಿ, ಮಣಿಕಟ್ಟಿಗೆ ಎರಡು ಬೆರಳು. ಚಾರ್ಟಿಗೆ ನಾಲ್ಕು ಅಂಕಿ. ಮೂರನ್ನು ಅವಳು ಅಳೆದೇ ಬರೆಯುತ್ತಿದ್ದಳು. ನಾಲ್ಕನೆಯದು ಉಸಿರು, ನಿಮಿಷಕ್ಕೆ ಎಷ್ಟು ಸಲ ಎಂಬುದು. ಅದು ಮಾತ್ರ ಎಲ್ಲರಿಗೂ ಇಪ್ಪತ್ತು. ಹಣ್ಣು ಮುದುಕರಿಗೂ ಇಪ್ಪತ್ತು, ಮೊನ್ನೆ ಮದುವೆಯಾದವರಿಗೂ ಇಪ್ಪತ್ತು. ಅವಳಿಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರೂ ಹಾಗೇ ಬರೆಯುತ್ತಿದ್ದರು.

ಆ ಮಧ್ಯಾಹ್ನ ಹನ್ನೆರಡಕ್ಕೆ, ಮೂರು ದಿನದ ಹಿಂದೆ ಮೊಣಕಾಲಿನ ಆಪರೇಷನ್ ಆಗಿದ್ದ ಹೆಂಗಸಿನ ಚಾರ್ಟಿಗೂ ಇಪ್ಪತ್ತು ಬರೆದು ಪೆನ್ನು ಮುಚ್ಚುವಷ್ಟರಲ್ಲಿ, ಸ್ಟೂಲಿನ ಮೇಲಿದ್ದ ಗಂಡ ಗಂಟಲು ಸರಿಮಾಡಿಕೊಂಡ. ಗಡಿಯಾರ ರಿಪೇರಿಯವನು, ಮೆಲ್ಲಗಿನ ಮಾತು.

“ಸಿಸ್ಟರ್, ಈ ಇಪ್ಪತ್ತು ಏನು?”

“ಉಸಿರು.”

“ಯಾವಾಗ ಎಣಿಸಿದ್ರಿ?”

ಅವಳಿಗೆ ಚುರುಕ್ ಎಂದಿತು. “ಯಜಮಾನ್ರೇ, ಹದಿನಾಲ್ಕು ವರ್ಷದ ಸರ್ವೀಸು ನಂದು. ನೋಡಿದ್ರೇ ಗೊತ್ತಾಗುತ್ತೆ.”

“ಮೂವತ್ತು ವರ್ಷದಿಂದ ಗಡಿಯಾರ ಬಿಚ್ತಿದೀನಿ. ನನಗೆ ನೋಡಿದ್ರೆ ಗೊತ್ತಾಗಲ್ಲಮ್ಮ, ಎಣಿಸ್ಲೇಬೇಕು.”

“ನಿಮ್ಮ ಗಡಿಯಾರ ಇಂಜೆಕ್ಷನ್ ಕೇಳುತ್ತಾ? ಬೆಡ್‌ಪ್ಯಾನ್ ಕೇಳುತ್ತಾ? ಹದಿನಾರು ಜನಕ್ಕೆ ನಾನೊಬ್ಬಳು. ಒಬ್ಬೊಬ್ಬರ ಮುಂದೆ ಒಂದೊಂದು ನಿಮಿಷ ಕೂತ್ರೆ ಉಳಿದ ಕೆಲಸ ಯಾರು ಮಾಡ್ತಾರೆ?”

“ಅದೂ ನಿಜವೇ,” ಎಂದು ಅವನು ಒಪ್ಪಿಕೊಂಡ. ಆದರೂ ಜೇಬಿನಿಂದ ಖಾಲಿ ಮಾತ್ರೆ ಡಬ್ಬಿಯ ರಟ್ಟೊಂದನ್ನು ತೆಗೆದು ಕೊಟ್ಟ. ಅದರ ಮೇಲೆ ಅವನೇ ಎಣಿಸಿ ಬರೆದಿದ್ದ: ಎಂಟಕ್ಕೆ ಇಪ್ಪತ್ತೆರಡು. ಹತ್ತಕ್ಕೆ ಇಪ್ಪತ್ತೇಳು. ಈಗ ಮೂವತ್ತಮೂರು.

ಹಾಸಿಗೆಯ ಮೇಲಿದ್ದ ಹೆಂಡತಿ ನಕ್ಕಳು. “ಮನೇಲಿ ನನ್ನ... ಗೊರಕೆ ಎಣಿಸ್ತಿದ್ರು... ಇಲ್ಲಿಗೆ ಬಂದ ಮೇಲೆ... ಬಡ್ತಿ ಸಿಕ್ಕಿದೆ.”

ಇಷ್ಟು ಚಿಕ್ಕ ಚಟಾಕಿಗೆ ಮೂರು ಕಡೆ ನಿಲ್ಲಬೇಕಾಯಿತು. ಮಿಂಚಮ್ಮ ನಗಲಿಲ್ಲ. ನಾಡಿ ಜೋರಾಗಿದ್ದುದನ್ನು ಅವಳು ಬೆಳಿಗ್ಗೆಯೇ ಗಮನಿಸಿದ್ದಳು, ನೋವಿಗಿರಬೇಕು ಎಂದುಕೊಂಡಿದ್ದಳು. ಈಗ ಮಂಚದ ಅಂಚಿನಲ್ಲಿ ಕೂತು, ಕೈಗಡಿಯಾರ ನೋಡುತ್ತ ಹೊದಿಕೆಯ ಏರಿಳಿತವನ್ನು ಎಣಿಸಿದಳು. ಒಂದು ನಿಮಿಷ ಇಷ್ಟು ಉದ್ದವಿರುತ್ತದೆಂದು ಅವಳಿಗೆ ಮರೆತೇಹೋಗಿತ್ತು. ಮೂವತ್ತನಾಲ್ಕು.

ಡಾಕ್ಟರು ಓಡಿ ಬಂದರು, ಆಕ್ಸಿಜನ್ ಬಂತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶ ಸೇರಿದೆ ಎಂದು ಸ್ಕ್ಯಾನ್ ಹೇಳಿತು. ಔಷಧ ಶುರುವಾದ ಮೇಲೆ ಡಾಕ್ಟರು ಚಾರ್ಟು ಎತ್ತಿಕೊಂಡರು.

“ಹನ್ನೆರಡರವರೆಗೂ ಇಪ್ಪತ್ತೇ ಇತ್ತಲ್ಲ ಸಿಸ್ಟರ್. ಒಮ್ಮೆಲೇ ಏರಿಬಿಡ್ತಾ?”

ಹೂಂ ಅಂದರೆ ಸಾಕಿತ್ತು. ಗಡಿಯಾರದವನು ಹೆಂಡತಿಯ ಕಡೆಯೇ ನೋಡುತ್ತಿದ್ದ; ಬಾಯಿ ಬಿಡುವ ಪೈಕಿಯವನಲ್ಲ.

“ಇಲ್ಲ ಡಾಕ್ಟ್ರೇ. ನಾನು ಎಣಿಸಿರಲಿಲ್ಲ.” ಅವಳು ರಟ್ಟನ್ನು ಮುಂದೆ ಹಿಡಿದಳು. “ನಿಜವಾದ ಲೆಕ್ಕ ಇದು. ಅವರದ್ದು.”

ಡಾಕ್ಟರು ರಟ್ಟನ್ನೂ ಚಾರ್ಟನ್ನೂ ಅಕ್ಕಪಕ್ಕ ಹಿಡಿದು ನೋಡಿದರು. “ಇದನ್ನ ನಾನು ಮೇಲೆ ಹೇಳಲೇಬೇಕಾಗುತ್ತೆ.”

“ಹೇಳಿ. ಒಬ್ಬಳಿಗೆ ಹದಿನಾರು ಹಾಸಿಗೆ ಅನ್ನೋದನ್ನೂ ಹೇಳಿ.”

ಆ ಚಾರ್ಟಿನಲ್ಲಿದ್ದ ಅಂದಿನ ಇಪ್ಪತ್ತುಗಳ ಮೇಲೆ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ ‘ಎಣಿಸಿಲ್ಲ’ ಎಂದು ಬರೆದು ಅವಳು ಸಹಿ ಮಾಡಿದಳು.

ಮೂರನೆಯ ದಿನಕ್ಕೆ ಆ ಹೆಂಗಸು ಗಂಡನನ್ನು ಮತ್ತೆ ಚುಡಾಯಿಸತೊಡಗಿದಳು, ಈ ಸಲ ಒಂದೇ ಉಸಿರಿನಲ್ಲಿ. ಅಷ್ಟರಲ್ಲಿ, ಎರಡು ದಿನದ ರಜೆ ಮುಗಿಸಿ ಬಂದ ಮಿಂಚಮ್ಮನ ಕೈಗೆ ವಿವರಣೆ ಕೇಳುವ ನೋಟೀಸು ಬಂದಿತ್ತು. ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಅವಳು ಮೊದಲ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡಳು.

“ಏನ್ ಮಿಂಚಮ್ಮ, ಕೂತೇಬಿಟ್ರಿ? ಕಾಲು ನೋವಾ?” ನೆಲ ಒರೆಸುತ್ತಿದ್ದ ಆಯಾ ಕಿಚಾಯಿಸಿದಳು.

ಮಿಂಚಮ್ಮನ ಕಣ್ಣು ಕೈಗಡಿಯಾರದ ಮೇಲಿತ್ತು, ತುಟಿ ಮಾತ್ರ ಅಲುಗುತ್ತಿತ್ತು. ನಿಮಿಷ ತುಂಬಿದ ಮೇಲೆ ಚಾರ್ಟು ಎಳೆದುಕೊಂಡು, ತಾನೂ ಉಳಿದ ಸಿಸ್ಟರುಗಳೂ ಬರೆದಿದ್ದ ಇಪ್ಪತ್ತುಗಳ ಉದ್ದನೆಯ ಸಾಲಿನ ಕೊನೆಗೆ ಬರೆದಳು: ಹದಿನೇಳು.