ದಹಿಸರಿನಿಂದ ಮನೆಯೊಳಕ್ಕೆ

“ಇನ್ನೂ ಎಷ್ಟು ಹೊತ್ತು?” ಎಂದು ಅಪೇಕ್ಷಾ ಮೂರನೆಯ ಸಲ ಕೇಳಿದಾಗ ಅಚಿಂತ್ಯ ಸ್ಟೂಲಿನ ಮೇಲೆ ನಿಂತು, ಟಿವಿಯ ಮೇಲಿನ ಗೂಡಿನಲ್ಲಿದ್ದ ರೌಟರಿನ ಬೆನ್ನು ತಡವುತ್ತಿದ್ದ.

“ಹತ್ತು ನಿಮಿಷ.”

“ಆಗಲೂ ಹತ್ತು ನಿಮಿಷ ಅಂದ್ರಿ.”

ಅಂದ್ರಿ! ಹದಿನಾಲ್ಕು ವರ್ಷ ಗಂಡನನ್ನು ‘ನೀನು’ ಎಂದವಳು ಮೂರು ತಿಂಗಳಿಂದ ಬಹುವಚನಕ್ಕೆ ಬಡ್ತಿ ಕೊಟ್ಟಿದ್ದಳು. ಜಗಳವಿದ್ದಾಗ ಏಕವಚನವಿತ್ತು. ಈಗ ಜಗಳವೂ ನಿಂತುಹೋಗಿ, ಇಬ್ಬರೂ ತಮ್ಮ ತಮ್ಮ ವಕೀಲರು ಒಪ್ಪುವಂಥ ಮಾತುಗಳನ್ನಷ್ಟೇ ಆಡುತ್ತಿದ್ದರು.

ಅಚಿಂತ್ಯ ಊರಿನ ಇನ್ನೊಂದು ತುದಿಯ ದಹಿಸರಿನಲ್ಲಿ ಬಾಡಿಗೆ ಮನೆ ಹಿಡಿದು ಎಂಟು ದಿನವಾಗಿತ್ತು. ಈ ಭಾನುವಾರ ಉಳಿದ ಬಟ್ಟೆಬರೆ ತೆಗೆದುಕೊಂಡು, ಘಾಟ್ಕೋಪರಿನ ಮನೆಯ ಬೀಗದ ಕೈ ಒಪ್ಪಿಸಿ ಹೋಗಬೇಕೆಂದು ಮಾತಾಗಿತ್ತು. ಕೈ ಒಪ್ಪಿಸಿಯಾಗಿತ್ತು. ಬ್ಯಾಗು ಬಾಗಿಲ ಬಳಿ ತಯಾರಾಗಿ ಕೂತಿತ್ತು. ಹೊರಡಬೇಕಾದ ಪುಣ್ಯಾತ್ಮ ಸ್ಟೂಲು ಹತ್ತಿದ್ದ.

ತಿಂಗಳಲ್ಲಿ ಎರಡು ಶನಿವಾರ ಮಗಳು ಧಾತ್ರಿ ಅವನ ಜೊತೆಗಿರುತ್ತಾಳೆ. ಮಿಕ್ಕ ದಿನಗಳಿಗೂ ಅವನಿಗೆ ಈ ಮನೆಯಲ್ಲಿ ಒಂದು ಕಿಂಡಿ ಬೇಕಾಗಿತ್ತು.

ಮಾಡುತ್ತಿದ್ದ ಕೆಲಸವೇನೋ ಸಣ್ಣದು, ರೌಟರನ್ನು ವಿಪಿಎನ್ ಸರ್ವರ್ ಮಾಡುವುದು. ಅಂದರೆ ಮನೆಯ ನೆಟ್‌ವರ್ಕಿಗೆ ತನ್ನೊಬ್ಬನಿಗಾಗಿ ಒಂದು ಬಾಗಿಲು ಕೊರೆದು, ಅದರ ಕೀಲಿಯನ್ನು ಫೋನಿನಲ್ಲಿಟ್ಟುಕೊಳ್ಳುವುದು. ಆಮೇಲೆ ಅವನು ದಹಿಸರಿನಲ್ಲಿರಲಿ, ದುಬೈಯಲ್ಲಿರಲಿ, ಇಲ್ಲೇ ಹಾಲ್‌ನಲ್ಲಿ ಕೂತಿದ್ದಾನೆಂದು ರೌಟರು ನಂಬುತ್ತದೆ. ವಿಕ್ರೋಳಿಯ ಆಫೀಸಿನಲ್ಲಿ ಸಾವಿರಾರು ಜನರಿಗೆ ಇಂಥ ಬಾಗಿಲು ತೆರೆದುಕೊಡುವುದೇ ಅವನ ಕಸುಬು. ಕಳೆದ ವಾರ ಇಂಟರ್ನೆಟ್ ಕಂಪನಿಗೆ ಫೋನು ಮಾಡಿ, ಮನೆಯ ಕನೆಕ್ಷನ್ನಿಗೆ ಬದಲಾಗದ ವಿಳಾಸವನ್ನೂ ಮಾಡಿಸಿದ್ದ. ತಾನು ಮನೆ ಬಿಟ್ಟ ವಾರವೇ ಮನೆಗೊಂದು ಕಾಯಂ ವಿಳಾಸ ಬಂತಲ್ಲ ಎಂದು ಒಬ್ಬನೇ ನಕ್ಕಿದ್ದ.

“ಅಷ್ಟಕ್ಕೂ ಏನದು ಮಾಡ್ತಿರೋದು?”

“ಧಾತ್ರಿಗೆ ಸ್ಕೂಲಿನ ಪ್ರಿಂಟ್‌ಔಟ್ ಬೇಕಾದ್ರೆ ಅಲ್ಲಿಂದಲೇ ಕಳಿಸಬಹುದು. ಈ ಪ್ರಿಂಟರಿಗೇ ಬರತ್ತೆ.”

“ಕೆಳಗಡೆ ಝೆರಾಕ್ಸ್ ಅಂಗಡಿ ಇದೆಯಲ್ಲ.”

“ಇದ್ರೆ ಇರಲಿ.”

“ನಮ್ಮನ್ನ ನೋಡೋಕೆ ಏನಾದ್ರೂ…”

“ಛೆ, ಕ್ಯಾಮೆರಾ ಅಲ್ಲ ಇದು. ನಾನು ಇಲ್ಲೇ ಇದ್ದ ಹಾಗೆ, ಅಷ್ಟೆ.”

ಅಪೇಕ್ಷಾ ಅವನ ಮುಖ ನೋಡಿದಳು. “ಇದ್ದಾಗ ಎಲ್ಲಿದ್ರಿ?” ಎಂದು ಅಡುಗೆಮನೆಗೆ ಹೋದಳು.

ಮಾತು ತಾಗಿತು. ತಾಗದೆ ಏನು? ಲಾಕ್‌ಡೌನಿನಿಂದೀಚೆಗೆ ಅವನು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಇಂಥದ್ದೇ ಇನ್ನೊಂದು ಬಾಗಿಲಿನಿಂದ ಆಫೀಸಿನೊಳಗೆ ಇರುತ್ತಿದ್ದ. ಮನೆಗೆ ಯಾರಾದರೂ ಬಂದರೆ ಧಾತ್ರಿ, ಆಗಿನ್ನೂ ಏಳು ವರ್ಷದವಳು, “ಪಪ್ಪಾ ಆಫೀಸ್‌ನಲ್ಲಿದ್ದಾರೆ” ಎನ್ನುತ್ತಿದ್ದಳು. ಹತ್ತು ಹೆಜ್ಜೆಯಾಚೆ ಅವನ ಕೆಮ್ಮು ಕೇಳಿಸುತ್ತಿತ್ತು. ಎಂಥ ಜಾಣೆ ನನ್ನ ಮಗಳು ಎಂದು ಅವನು ಅದನ್ನು ಆಫೀಸಿನವರಿಗೆಲ್ಲ ಹೇಳಿ ಹಿಗ್ಗಿದ್ದ.

ಆ ಧಾತ್ರಿಗೆ ಈಗ ಹನ್ನೆರಡು. ಟ್ಯಾಬು ಹಿಡಿದುಕೊಂಡು ಕೋಣೆಯಿಂದ ಬಂದಳು.

“ಪಪ್ಪಾ, ವೈಫೈ ಕಬ್ ಆಯೇಗಾ? ಕಲ್ ಜಿಯಾಗ್ರಫಿಗೆ ಮಹಾರಾಷ್ಟ್ರ ಕಾ ಮ್ಯಾಪ್ ಬೇಕು. ಬ್ಲ್ಯಾಂಕ್‌ವಾಲಾ.”

ಅಚಿಂತ್ಯನ ಎದೆ ಹಗುರಾಯಿತು. ಕೇಳಿದ್ದು ತನ್ನನ್ನೇ!

“ಸಂಜೆ ಆರಕ್ಕೆ ನಾನು ದಹಿಸರಿನಿಂದ ಕಳಿಸ್ತೀನಿ. ನೀನು ಪ್ರಿಂಟರ್ ಹತ್ರ ನಿಂತ್ಕೋ ಸಾಕು, ತಾನೇ ಬರತ್ತೆ.”

“ಅಭೀ ಕ್ಯೂಂ ನಹೀಂ?”

“ಈಗ ಸೆಟ್ಟಿಂಗ್ ನಡೀತಿದೆ ಪುಟ್ಟಿ.”

ಸುಳ್ಳು. ಕೇಬಲ್ಲು ಚುಚ್ಚಿದರೆ ಎರಡು ನಿಮಿಷದ ಕೆಲಸ. ಆದರೆ ಈಗಲೇ ಕೊಟ್ಟುಬಿಟ್ಟರೆ ಸಂಜೆ ಆರು ಗಂಟೆಗೆ ಅವನಿಗಾಗಿ ಕಾಯಲು ಈ ಮನೆಯಲ್ಲಿ ಯಾರಿರುತ್ತಾರೆ?

ಧಾತ್ರಿ ಭುಜ ಕುಣಿಸಿ, “ಓಕೆ, ಸಿಕ್ಸ್” ಎಂದಳು.

ರೌಟರು ಹಸಿರು ದೀಪ ತೋರಿತು. ಪರೀಕ್ಷೆ ಮಾಡಬೇಕಾದರೆ ಮನೆಯ ವೈಫೈ ಬಿಟ್ಟು ಹೊರಗಿನಿಂದ ಬರಬೇಕು. ಅವನು ಫೋನಿನಲ್ಲಿ ಮೊಬೈಲ್ ಡೇಟಾ ಹಾಕಿಕೊಂಡು ಲಿಫ್ಟಿನ ಎದುರಿಗೆ ಹೋಗಿ ನಿಂತ. ಕೀಲಿ ಒತ್ತಿದ. ಸಂಪರ್ಕ ಸಿಕ್ಕಿತು. ಅದೇ ಹೊತ್ತಿಗೆ ಗಾಳಿಗೆ ಬಾಗಿಲು ದಡಾರನೆ ಹಾಕಿಕೊಂಡಿತು.

ಜೇಬಿಗೆ ಕೈ ಹಾಕಿದ. ಬೀಗದ ಕೈ ಇರಲಿಲ್ಲ. ನೀನು ಒಳಗೇ ಇದ್ದೀ ಎಂದು ಫೋನು ಹೇಳುತ್ತಿತ್ತು. ಅವನು ಹೊರಗಿನವರಂತೆ ಬೆಲ್ಲು ಒತ್ತಿ ಕಾದ.

ಅಪೇಕ್ಷಾ ಬಾಗಿಲು ತೆಗೆದಳು. “ಹೊರಗೆ ಯಾಕೆ?”

“ಟೆಸ್ಟ್ ಮಾಡ್ತಿದ್ದೆ.”

“ಆಯ್ತಾ?”

“ಆಯ್ತು.”

ಅವಳು ಅವನ ಬ್ಯಾಗನ್ನು ಎತ್ತಿ ಹೊಸ್ತಿಲಾಚೆಗೆ ಇಟ್ಟಳು. ಕೋಪದಿಂದೇನೂ ಅಲ್ಲ, ಹಗೂರವಾಗಿಯೇ ಇಟ್ಟಳು. ಕೋಪವಾದರೂ ಇದ್ದಿದ್ದರೆ ಎಂದು ಅವನಿಗೆ ಅನ್ನಿಸಿತು.

ಮೆಟ್ರೊ ಹಿಡಿದು ಅಂಧೇರಿ, ಅಲ್ಲಿಂದ ಲೋಕಲ್. ಹಳಿ ರಿಪೇರಿಗೆಂದು ಭಾನುವಾರದ ಮೆಗಾಬ್ಲಾಕ್, ಗಾಡಿಗಳೆಲ್ಲ ತಡ. ದಹಿಸರಿನಲ್ಲಿ ಇಳಿದು ಬಿಲ್ಡಿಂಗಿನ ಮೆಟ್ಟಿಲು ಹತ್ತುವಾಗ ಆರಕ್ಕೆ ಹತ್ತು ನಿಮಿಷವಿತ್ತು. ಕೆಳಗಿನ ಮಹಡಿಯ ಬಾಗಿಲಲ್ಲಿ ಮನೆಯ ಮಾಲೀಕ ಸಿದ್ದಲಿಂಗಪ್ಪ ನಿಂತಿದ್ದ. ಕಲಬುರಗಿ ಕಡೆಯವನು, ಸ್ಟೇಷನ್ನಿನ ಹತ್ತಿರ ಹಾರ್ಡ್‌ವೇರ್ ಅಂಗಡಿ. ತನ್ನ ವೈಫೈಯನ್ನು ಬಾಡಿಗೆದಾರನಿಗೂ ಕೊಟ್ಟಿದ್ದ ಉದಾರಿ.

“ಮನಿಯವ್ರು ಯಾವಾಗ ಬರ್ತಾರ್ರೀ ಸರ?”

“ಬರ್ತಾರೆ. ಮಗಳ ಪರೀಕ್ಷೆ ಮುಗೀಲಿ.”

“ಒಬ್ಬರ ಇದ್ರ ಮನಿ ಮನಿ ಅನಸೂದಿಲ್ಲ ನೋಡ್ರಿ.”

“ಹೂಂ,” ಎಂದು ಅಚಿಂತ್ಯ ಮೇಲೆ ಓಡಿದ.

ಮಂಚದ ಮೇಲೆ ಕೂತು ಕೀಲಿ ಒತ್ತಿದ. ಸಂಪರ್ಕ ಸಿಕ್ಕಿತು. ನಕ್ಷೆಯನ್ನು ಪ್ರಿಂಟರಿಗೆ ಕಳಿಸಿದ. ಪ್ರಿಂಟರ್ ಸಿಗುತ್ತಿಲ್ಲ ಎಂದಿತು ಫೋನು. ಇನ್ನೊಮ್ಮೆ ಕಳಿಸಿದ. ಸಿಗುತ್ತಿಲ್ಲ. ಆರು ಗಂಟೆ ಆಯಿತು, ಆರೂ ಐದಾಯಿತು. ಬೆವರಿದ ಬೆರಳಿನಿಂದ ಎಲ್ಲವನ್ನೂ ಅಳಿಸಿ ಮೊದಲಿನಿಂದ ಹಾಕಿದ.

ಆರೂ ಇಪ್ಪತ್ತಕ್ಕೆ ತಲೆಗೆ ಹೊಳೆಯಿತು. ರೌಟರು ಮನೆಯೊಳಗಿನ ಯಂತ್ರಗಳಿಗೆ ಹಂಚುವ ಒಳನಂಬರು ಎರಡು ಮನೆಗಳಲ್ಲೂ ಒಂದೇ! ಕಂಪನಿಯವರು ಎಲ್ಲ ರೌಟರಿಗೂ ಒಂದೇ ನಂಬರು ಹಾಕಿ ಮಾರುತ್ತಾರೆ. ಅವನು ಘಾಟ್ಕೋಪರಿನ ಪ್ರಿಂಟರನ್ನು ಕರೆದರೆ, ಫೋನು ಸಿದ್ದಲಿಂಗಪ್ಪನ ವೈಫೈಯೊಳಗೇ ಹುಡುಕಾಡಿ, ಅಂಥದ್ದು ಇಲ್ಲಿಲ್ಲ ಎನ್ನುತ್ತಿತ್ತು. ಆಫೀಸಿನಲ್ಲಿ ಈ ತಪ್ಪು ಮಾಡಿದ ಹುಡುಗರನ್ನು ಅವನು ನಾಲ್ಕು ಜನರೆದುರು ಬೈದಿದ್ದ. ಮನೆಯ ನಂಬರು ಬದಲಿಸಿ ಬಾಗಿಲು ಕೊರೆಯಬೇಕು, ಅಷ್ಟೂ ಗೊತ್ತಿಲ್ಲವೇ ಎಂದಿದ್ದ. ತನ್ನ ಮನೆಯಂಥ ಮನೆ ಇನ್ನೊಂದಿದ್ದೀತೆಂದು ಮಧ್ಯಾಹ್ನ ಸ್ಟೂಲಿನ ಮೇಲೆ ಅವನಿಗೆ ತೋಚಿರಲಿಲ್ಲ.

ಮಾಲೀಕನ ವೈಫೈ ಕಿತ್ತುಹಾಕಿ ಮೊಬೈಲ್ ಡೇಟಾದಿಂದ ಹೋದ. ಈಗ ಸಲೀಸಾಗಿ ಒಳಗೆ ಬಿಟ್ಟಿತು. ನಕ್ಷೆ ಹೋಯಿತು. ಒಂದು ಪುಟ ಮುದ್ರಣವಾಯಿತು ಎಂದು ಫೋನು ತೋರಿಸಿತು.

ಅಚಿಂತ್ಯನಿಗೆ ಖುಷಿಯಾಯಿತು. ಎಷ್ಟೋ ದಿನಗಳ ಮೇಲೆ, ಮೈ ಜುಮ್ಮೆನ್ನುವಂಥ ಖುಷಿ. ಆ ಹಳೇ ಪ್ರಿಂಟರು ಗೊರಗುಟ್ಟುತ್ತ ಹಾಳೆ ಎಳೆದುಕೊಳ್ಳುವುದು, ಧಾತ್ರಿ ಬಿಸಿ ಹಾಳೆಯನ್ನು ಕೆನ್ನೆಗೆ ಒತ್ತಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಹತ್ತು ನಿಮಿಷ ಕಾದ. ಮೆಸೇಜು ಬರಲಿಲ್ಲ. ತಾನೇ ಫೋನು ಮಾಡಿದ.

“ಹೇಳಿ,” ಎಂದಳು ಅಪೇಕ್ಷಾ. ಹಿಂದೆ ರಿಕ್ಷಾಗಳ ಹಾರ್ನು.

“ಮ್ಯಾಪ್ ಬಂತಾ?”

“ನಾವು ಹೊರಗಡೆ ಇದ್ದೀವಿ. ಧಾತ್ರಿ, ಪಪ್ಪಾ ನೋಡು.”

“ಪಪ್ಪಾ, ಸಿಕ್ಸ್ ಫಿಫ್ಟೀನ್ ತಕ್ ಪ್ರಿಂಟರ್ ಹತ್ರನೇ ಇದ್ದೆ. ನಹೀಂ ಆಯಾ. ಫಿರ್ ಝೆರಾಕ್ಸ್ ಶಾಪ್‌ನಲ್ಲಿ ತಗೊಂಡೆ.”

“ಈಗ ಬಂದಿದೆ ಪುಟ್ಟಿ. ಅಲ್ಲೇ ಇದೆ. ಜಿಲ್ಲೆಗಳ ಗೆರೆ ಎಲ್ಲಾ ಚೆನ್ನಾಗಿದೆ ಅದರಲ್ಲಿ.”

“ಇಟ್ಸ್ ಓಕೆ ಪಪ್ಪಾ. ಹೋ ಗಯಾ ಅಬ್. ನೀವು ಟೆನ್ಷನ್ ಮತ್ ಲೋ.”

“ಮನೆಗೆ ಯಾವಾಗ ಹೋಗ್ತೀರಾ?”

“ಪತಾ ನಹೀಂ. ಮಮ್ಮಿ ಫ್ರೆಂಡ್ ಮನೇಲಿ ಡಿನ್ನರ್ ಇದೆ. ಬಾಯ್.”

ಮಗಳು ಅವನನ್ನು ಸಮಾಧಾನ ಮಾಡಿದ್ದಳು. ಬೇಜಾರು ಮಾಡಿಕೊಂಡ ನೆಂಟರನ್ನು ಕಳಿಸಿಕೊಡುವಾಗ ಮಾಡುವಂಥ ಸಮಾಧಾನ. ಮಧ್ಯಾಹ್ನ ಎರಡು ನಿಮಿಷದಲ್ಲಿ ಕೊಟ್ಟು ಬರಬಹುದಿತ್ತು. ಅವನಿಗೆ ಅಳು ಬಂತು. ನಲವತ್ತೆರಡು ವರ್ಷದ ಗಂಡಸು ಬಾಡಿಗೆ ಮನೆಯ ಮಂಚದ ಮೇಲೆ ಕೂತು, ಸದ್ದಾಗದ ಹಾಗೆ ಅತ್ತ.

ಕಣ್ಣೊರೆಸಿಕೊಂಡು, ಏನು ಮಾಡಲೂ ತೋಚದೆ, ರೌಟರಿನ ಪುಟ ತೆರೆದ. ಈ ಹೊತ್ತು ಮನೆಯಲ್ಲಿ ಯಾರ ಯಾರ ಫೋನುಗಳಿವೆ ಎಂದು ತೋರಿಸುವ ಪಟ್ಟಿಯೊಂದು ಅದರಲ್ಲಿರುತ್ತದೆ. ಅಪೇಕ್ಷಾಳದ್ದು ಇರಲಿಲ್ಲ. ಧಾತ್ರಿಯ ಟ್ಯಾಬೂ ಇರಲಿಲ್ಲ, ಒಯ್ದಿರಬೇಕು. ಪ್ರಿಂಟರು ಇತ್ತು. ಅದರ ಕೆಳಗೆ ಒಂದೇ ಹೆಸರು: ಅಚಿಂತ್ಯ.

ಕಿಟಕಿಯಾಚೆ ಕತ್ತಲಾಗುತ್ತಿತ್ತು. ಲೈಟು ಹಾಕಬೇಕೆಂದು ಅವನಿಗೆ ಅನ್ನಿಸಲಿಲ್ಲ.

ಬಾಗಿಲು ಬಡಿದ ಸದ್ದಾಯಿತು.

“ಸರ, ಮನ್ಯಾಗ ಅದೀರೇನ್ರೀ?” ಸಿದ್ದಲಿಂಗಪ್ಪನ ದನಿ. “ನಮ್ಮಾಕಿ ಹೋಳಿಗಿ ಮಾಡ್ಯಾಳ್ರೀ. ಬಿಸಿ ಅದಾವ.”

ಅಚಿಂತ್ಯ ಬಾಯಿ ತೆರೆದ. ಕಣ್ಣು ಫೋನಿನ ಪಟ್ಟಿಯ ಮೇಲಿತ್ತು.

“ಸರ?”

ಅವನು ಉಸಿರು ಬಿಗಿಹಿಡಿದು ಕೂತ. ಆಮೇಲೆ ಸಿದ್ದಲಿಂಗಪ್ಪ ಕೆಳಗಿನ ಮಹಡಿಗೆ ಕೂಗಿ ಹೇಳಿದ, “ಯಾರೂ ಇಲ್ಲ ನೋಡ ಮನ್ಯಾಗ.” ಚಪ್ಪಲಿಯ ಸಪ್ಪಳ ಒಂದೊಂದೇ ಮೆಟ್ಟಿಲು ಇಳಿದು ಹೋಯಿತು.

ಫೋನಿನ ಬೆಳಕು ಮಂಕಾಯಿತು. ಪಟ್ಟಿಯಲ್ಲಿದ್ದ ಹೆಸರು ಆರಿಹೋಗದಂತೆ ಅವನು ಪರದೆಯನ್ನು ಬೆರಳಿನಿಂದ ಮುಟ್ಟಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮುಟ್ಟಿದ.