ಅಕ್ಕ ತಿದ್ದಿದ ಸಾಲು

ಸೂರ್ಯನ ಹೊಟ್ಟೆಯಲ್ಲಿ ಉರಿಯುವಂಥ ಬೆಂಕಿಯನ್ನು ಉಕ್ಕಿನ ಉಂಗುರದೊಳಗೆ ಹಿಡಿದಿಡಲು ನೋಡುವುದು ಅಕ್ಕತಂಗಿಯರಿಬ್ಬರ ಕಸುಬು. ಅಕ್ಕ ಹೆಸರು ಮಾಡಿದ ವಿಜ್ಞಾನಿ, ತಂಗಿ ಇನ್ನೂ ಸಂಶೋಧನಾ ವಿದ್ಯಾರ್ಥಿನಿ. ಪ್ರಯೋಗಾಲಯ ಬೇರೆ ಬೇರೆ, ಲೆಕ್ಕ ಮಾಡುವ ತಂತ್ರಾಂಶ ಮಾತ್ರ ಒಂದೇ. ಅದು ಯಾರಪ್ಪನ ಸ್ವತ್ತೂ ಅಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಸಾಲುಗಳನ್ನು ಓದಬಹುದು, ತಪ್ಪು ಕಂಡರೆ ತಿದ್ದಬಹುದು. ತಿದ್ದಿದ್ದನ್ನು ಎಲ್ಲರಿಗೂ ಹಂಚಬೇಕೆಂಬುದು ಅದನ್ನು ಬಳಸುವವರ ಬಳಗದ ಮರ್ಯಾದೆ. ಈ ಮರ್ಯಾದೆಯ ಬಗ್ಗೆ ಅಕ್ಕ ವೇದಿಕೆ ಸಿಕ್ಕಲ್ಲೆಲ್ಲ ಕೊರೆಯುತ್ತಿದ್ದಳು.

ಹೋದ ವರ್ಷ, ಉಂಗುರದ ಗೋಡೆಗೆ ಎಷ್ಟು ಶಾಖ ತಾಗುತ್ತದೆಂದು ಲೆಕ್ಕ ಹಾಕುವ ಸಾಲಿನಲ್ಲಿ ಅವಳ ಕಣ್ಣಿಗೆ ತಪ್ಪೊಂದು ಬಿತ್ತು. ತಿದ್ದಿದಳು, ತನ್ನ ಪ್ರತಿಯಲ್ಲಿ ಮಾತ್ರ. ಪ್ರಬಂಧ ಅಚ್ಚಾಗಲಿ, ಆಮೇಲೆ ಹಂಚಿದರಾಯಿತು ಎಂದುಕೊಂಡಳು. ಅಚ್ಚಾಯಿತು. ಅವಳ ಲೆಕ್ಕವೊಂದೇ ಯಂತ್ರದಲ್ಲಿ ಅಳೆದ ಶಾಖಕ್ಕೆ ಹೊಂದುತ್ತದೆಂದು ಎಲ್ಲರೂ ಹೊಗಳಿದರು. ಹೊಗಳಿಕೆಯ ರುಚಿ ಹತ್ತಿತು ನೋಡಿ, ಇನ್ನೊಂದು ಪ್ರಬಂಧ ಮುಗಿಯಲಿ ಎಂದಳು.

ಈಚೆಗೊಂದು ಮಧ್ಯಾಹ್ನ ಅಕ್ಕ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾಗ ತಂಗಿಯ ಫೋನ್ ಬಂತು. ಅವಳ ಲೆಕ್ಕ ಅಳತೆಗೆ ಹೊಂದುತ್ತಲೇ ಇಲ್ಲವಂತೆ. ತಂತ್ರಾಂಶ ಅದೇ, ನಿನ್ನ ಅಕ್ಕನಿಗೆ ಸರಿಬರುವುದು ನಿನಗೇಕೆ ಬರುವುದಿಲ್ಲ ಎಂದು ಮಾರ್ಗದರ್ಶಕರು ಎಲ್ಲರೆದುರು ಕೇಳಿದರಂತೆ. ಶುಕ್ರವಾರದೊಳಗೆ ಸರಿಹೋಗದಿದ್ದರೆ ಸಂಶೋಧನೆ ಬಿಟ್ಟು ಮನೆಗೆ ಹೋಗಬೇಕಂತೆ.

"ನಾನು ದಡ್ಡಿನೇ ಇರ್ಬೇಕು ಅಕ್ಕ," ಎಂದಳು.

ಅಕ್ಕ ತಟ್ಟೆ ಪಕ್ಕಕ್ಕೆ ಸರಿಸಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ನೋಡ್ತೀನಿ ಇರು ಎಂದಷ್ಟೇ ಹೇಳಿ ಫೋನ್ ಇಟ್ಟಳು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ತಿದ್ದಿದ ಸಾಲನ್ನು ಹಾಗೇ ಕಳಿಸಿದರೆ ತಿದ್ದಿದ ದಿನದ ದಾಖಲೆಯೂ ಜೊತೆಗೇ ಹೋಗುತ್ತದೆ. ಬಚ್ಚಿಟ್ಟಿದ್ದು ಬಳಗಕ್ಕೆಲ್ಲ ಬಯಲಾಗುತ್ತದೆ. ಹಾಗಾಗಿ ತಪ್ಪಿರುವ ಹೊಸ ಪ್ರತಿಯೊಂದನ್ನು ಇಳಿಸಿಕೊಂಡು, ಆ ಸಾಲನ್ನು ಈಗಷ್ಟೇ ಕಂಡವಳಂತೆ ಮತ್ತೆ ತಿದ್ದಿದಳು. ತಾರೀಖು ಇಂದಿನದಾಯಿತು. ನೋಡುವವರು ಯಾರೂ ಇರಲಿಲ್ಲ, ಆದರೂ ಕಿವಿ ಬಿಸಿಯಾಯಿತು. ತನ್ನ ಬಗ್ಗೆ ಅಷ್ಟು ಹೇಸಿಗೆ ಅವಳಿಗೆ ಎಂದೂ ಆಗಿರಲಿಲ್ಲ. ಆದರೂ ತಂಗಿಗೂ ಬಳಗಕ್ಕೂ ಕಳಿಸಿದಳು.

ಮರುದಿನ ಬೆಳಿಗ್ಗೆ ತಂಗಿ ನಗುತ್ತ ಅಳುತ್ತ ಫೋನ್ ಮಾಡಿದಳು. ಲೆಕ್ಕ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದಿತ್ತು. ತಪ್ಪು ತನ್ನದಲ್ಲ, ತಂತ್ರಾಂಶದ್ದು ಎಂದು ಹತ್ತು ಸಲ ಹೇಳಿದಳು. ಹೇಳುತ್ತ ಹೇಳುತ್ತ ಮಾತು ನಿಧಾನವಾಯಿತು.

"ಅಕ್ಕ, ಈ ತಪ್ಪು ನಿನಗೆ ನಿನ್ನೆ ಸಿಕ್ಕಿದ್ದಾದ್ರೆ, ಹೋದ ವರ್ಷ ನಿನ್ನ ಲೆಕ್ಕ ಹೇಗೆ ಸರಿಬಂತು?"

ಅಷ್ಟು ಸುಲಭದ ಲೆಕ್ಕ ಅಕ್ಕನಿಗೆ ಹೊಳೆದೇ ಇರಲಿಲ್ಲ. ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡುವವಳು ಈಗ ಅದು, ಅದು ಎಂದು ತೊದಲಿದಳು. ಕೇಳಿದವಳಿಗೆ ಉತ್ತರ ಸಿಕ್ಕಿಬಿಟ್ಟಿತ್ತು.

ಬಯ್ಯಲಿ ಎಂದು ಅಕ್ಕ ಕಾದಳು. ತಂಗಿ ಬಯ್ಯಲಿಲ್ಲ.

"ನಮ್ಮ ಸರ್ ಕೂಡ ಇದನ್ನೇ ಕೇಳ್ತಾರೆ," ಎಂದಳು ಮೆಲ್ಲಗೆ. "ಏನು ಹೇಳ್ಬೇಕು ಅಂತ ನೀನೇ ಹೇಳ್ಕೊಡು. ಹಾಗೇ ಹೇಳ್ತೀನಿ."

ಚಿಕ್ಕಂದಿನಲ್ಲಿ ಲೆಕ್ಕ ಹೇಳಿಸಿಕೊಳ್ಳಲು ಪಕ್ಕದಲ್ಲಿ ಬಂದು ಕೂರುತ್ತಿದ್ದವಳ ದನಿಯೇ ಅದಾಗಿತ್ತು.