ಸೋದರಮಾವನ ತೊಡೆ

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಬರೀ ಹೊಲದ ಖಟ್ಲೆ ನೋಡಿದ್ದನೇನೋ. ಕೂಸಿನ ಖಟ್ಲೆ ನೋಡಿದ್ದರೆ ಗಾದೆಯ ಗೋಜಿಗೇ ಹೋಗದೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಿದ್ದ. ಕನ್ನೊಳ್ಳಿಯ ಜಯಮಾಲಾಳಿಗೆ ಕೋರ್ಟು ಹೇಳಿದ್ದು ಇಷ್ಟು: ಖಟ್ಲೆ ಮುಗಿಯುವ ತನಕ ಮಗ ಮಲ್ಲು ಇಂಡಿ ಪಟ್ಟಣದ ಅಪ್ಪನ ಮನೆಯಲ್ಲಿರಬೇಕು, ತಾಯಿ ಒಂದು ಶನಿವಾರ ಬಿಟ್ಟು ಒಂದು ಶನಿವಾರ ಇಂಡಿಯ ಕೋರ್ಟಿನ ಅಂಗಳದಲ್ಲಿ ಎರಡು ತಾಸು ಅವನನ್ನು ನೋಡಬಹುದು. ಹೆತ್ತವಳಿಗೆ ಮಗನ ಮುಖ ನೋಡಲು ತಾರೀಖು ಬೇಕಾಯಿತಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು.

ಮೊದಲ ಶನಿವಾರ ಅವಳು ಶೇಂಗಾ ಉಂಡಿಯ ಡಬ್ಬಿ ಹಿಡಿದುಕೊಂಡು ಎಲ್ಲಿ ಕೂಡಬೇಕೆಂದು ತಿಳಿಯದೆ ಮೆಟ್ಟಿಲ ಮೇಲೆ ನಿಂತಿದ್ದಳು. ಬೇವಿನ ಗಿಡದ ಕೆಳಗೆ ಕೂತಿದ್ದ ಹೆಂಗಸೊಬ್ಬಳು ಕೈ ಮಾಡಿ ಕರೆದಳು.

"ನಿಂದೂ ಶನಿವಾರದ ಕೂಸೇನವ್ವ? ಬಾ, ಇಲ್ಲಿ ನೆಳ್ಳ ಐತಿ."

ಆಕೆ ಅಬಿದಾ. ಊರು ಮುದ್ದೇಬಿಹಾಳ, ಮಗಳು ಇರಮ ಇಂಡಿಯಲ್ಲಿ ಅಪ್ಪನ ಹತ್ತಿರ. ಅದೇ ನೆರಳಿಗೆ ಬಸವನ ಬಾಗೇವಾಡಿಯಿಂದ ಧೂಳಪ್ಪ ಬರುತ್ತಿದ್ದ. ಕಂಡಕ್ಟರ್ ಕೆಲಸದವನು, ಮಗ ಹೆಂಡತಿಯ ತವರಿನಲ್ಲಿದ್ದ. ಊರಲ್ಲಿ ಯಾರ ಮನೆಯ ಸೀರೆ ಕುಪ್ಪಸದ ಕಾರ್ಯಕ್ಕೆ ಹೋದರೂ ಜಯಮಾಲಾಳನ್ನು "ಕೂಸೆಲ್ಲಿ?" ಎಂದು ಕೇಳುವವರೇ. ಉತ್ತರ ಗೊತ್ತಿದ್ದವರು ಇನ್ನೂ ಜೋರಾಗಿ ಕೇಳುತ್ತಿದ್ದರು. ಬೇವಿನ ಗಿಡದ ಕೆಳಗೆ ಆ ಪ್ರಶ್ನೆಯೇ ಇರಲಿಲ್ಲ. ಮಗು ಉಂಡಿತೋ ಇಲ್ಲವೋ, ಸೊರಗಿತೋ ತುಂಬಿಕೊಂಡಿತೋ, ಅಷ್ಟೇ ಮಾತು.

ಈ ಶನಿವಾರ ಮಾತ್ರ ಜಯಮಾಲಾ ಉಂಡಿಯ ಡಬ್ಬಿಯನ್ನೇ ತಂದಿರಲಿಲ್ಲ. ಗೇಟಿನ ಹೊರಗೆ ಅವಳ ತಮ್ಮ ಭೀಮು ಮೋಟರ್‌ಸೈಕಲ್ ಹಿಡಿದು ನಿಂತಿದ್ದ.

ಸೋಮವಾರ ಮಲ್ಲುವಿನ ಜವಳವಂತೆ. ಐದರ ವಯಸ್ಸು ನಡೆಯುತ್ತಿತ್ತು, ಹುಟ್ಟುಗೂದಲಿಗೆ ಇನ್ನೂ ಕತ್ತರಿ ಬಿದ್ದಿರಲಿಲ್ಲ. ಹೆಣ್ಣುಮಕ್ಕಳ ಹಾಗೆ ಜಡೆ ಹಾಕಿಸಿಕೊಂಡು ಓಡಾಡುತ್ತಿದ್ದ. ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ, ಮೊದಲ ಎಳೆಯನ್ನು ಅವನ ಕೈಯಿಂದಲೇ ಕತ್ತರಿಸಬೇಕು. ಆಸ್ತಿ ಅಪ್ಪನದಿರಲಿ, ಹೆಸರು ಅಪ್ಪನದಿರಲಿ, ಆ ಒಂದು ಎಳೆ ಮಾತ್ರ ತಾಯಿಯ ತವರಿನದು. ಗಂಡ ಅನೀಲಕುಮಾರ ಅದನ್ನೂ ಭೀಮುವಿಗೆ ಹೇಳದೆ ಮುಗಿಸುವವನಿದ್ದಾನೆಂದು ಕೇಳಿದಂದಿನಿಂದ ಜಯಮಾಲಾಳ ಕಣ್ಣಿಗೆ ನಿದ್ದೆಯಿಲ್ಲ.

"ಕನ್ನೊಳ್ಳಿಗೆ ಕರಕೊಂಡು ಹೋಗ್ತೇವಕ್ಕಾ," ಎಂದು ಅಬಿದಾಳ ಕಿವಿಯಲ್ಲಿ ಹೇಳಿದಳು. "ಭೀಮೂನ ತೊಡಿ ಮ್ಯಾಲೆ ಕುಂಡ್ರಿಸಿ ಒಂದ ಎಳಿ ತಗಿತೇವಿ. ಸಂಜಿಕ ತಂದು ಬಿಡ್ತೇವಿ."

ಅಬಿದಾ ಗೇಟಿನಾಚೆ ನಿಂತ ಗಾಡಿಯನ್ನು ನೋಡಿದಳು. ಅಷ್ಟರಲ್ಲಿ, ಪ್ರತಿ ಸಲ ಮಲ್ಲುವನ್ನು ಕರೆತಂದು ಎದುರಿನ ಬೆಂಚಿನ ಮೇಲೆ ಕಣ್ಣು ಮಿಟುಕಿಸದೆ ಕೂರುತ್ತಿದ್ದ ಅತ್ತೆ ಗುರವ್ವ ಎದ್ದು, ಹೊರಗಿನ ಚಹಾದ ಅಂಗಡಿಯ ಕಡೆ ಹೋದಳು. ಎಂದೂ ಎದ್ದವಳಲ್ಲ. ಜಯಮಾಲಾ ಮಗನ ಕೈ ಹಿಡಿದು ಎದ್ದಳು. ಅಬಿದಾ ಅವಳ ಸೆರಗು ಹಿಡಿದಳು.

"ಬಿಡಕ್ಕಾ."

"ನಾನೂ ಸಂಜಿಕ ಬಿಡ್ತೇನಿ ಅಂದಿದ್ದೆ ತಂಗಿ," ಎಂದಳು ಅಬಿದಾ. "ನಮ್ಮವ್ವ ಹಾಸಿಗಿ ಹಿಡಿದಿದ್ದಳು, ಮೊಮ್ಮಗಳ ಮಾರಿ ನೋಡ್ತೇನಿ ಅಂದಳು. ಬಸ್ಸು ಹತ್ತಿಸಿಕೊಂಡು ಹೋದೆ. ಮುದ್ದೇಬಿಹಾಳ ಮುಟ್ಟೂದರಾಗ ಪೊಲೀಸರು ನಮ್ಮ ಬಾಗಲದಾಗ ಇದ್ದರು. ಆವಾಗ ಇಡೀ ರವಿವಾರ ಇರಮ ನನ್ನ ಹಂತ್ಯಾಕ ಇರ್ತಿದ್ದಳು. ಕೋರ್ಟು ಅದನ್ನ ಕಸಗೊಂಡು ಈ ಎರಡು ತಾಸು ಕೊಟ್ಟೈತಿ. ಈಗ ಹುಡುಗಿ ನನ್ನ ತೊಡಿ ಮ್ಯಾಲೆ ಕುಂಡ್ರೂ ಮೊದಲ ಅಲ್ಲಿ ನಿಂತ ಜವಾನನ ಮಾರಿ ನೋಡ್ತಾಳ. ಕುಂಡ್ರಲೇನ್ರಿ ಅಂತ ಕೇಳ್ತಾಳ!"

ಜಯಮಾಲಾ ಕೇಳಿಸಿಕೊಂಡಳು, ಆದರೆ ಕಾಲು ನಿಲ್ಲಲಿಲ್ಲ. ಗೇಟಿನಾಚೆ ಭೀಮು ಗಾಡಿ ಚಾಲೂ ಮಾಡಿದ. ಅದರ ಸದ್ದು ಕೇಳಿದ್ದೇ ಮಲ್ಲು "ಮಾಮಾನ ಗಾಡಿ!" ಎಂದು ಕುಣಿದು ತಾಯಿಯ ಕೈ ಎಳೆಯತೊಡಗಿದ. ಮಗನೇ ಎಳೆಯುವಾಗ ತಾನೇಕೆ ತಡೆಯಬೇಕು ಎಂದು ಅವಳ ಜೀವ ಕೇಳಿತು. ಧೂಳಪ್ಪ ಅಡ್ಡ ಬರಲು ಎದ್ದವನು, ಪರರ ಹೆಣ್ಣುಮಗಳನ್ನು ಹೇಗೆ ಹಿಡಿಯುವುದೆಂದು ತಿಳಿಯದೆ ಅಲ್ಲೇ ನಿಂತ. ಅಬಿದಾ ಸೆರಗು ಬಿಡದೆ ಗೇಟಿನವರೆಗೂ ಬಂದಳು.

"ಹೋಗ್ತಿದ್ದರ ಹೋಗು. ನಾಳಿ ಮಲ್ಲು ನಿನ್ನ ತೊಡಿ ಮ್ಯಾಲೆ ಕುಂಡ್ರಾಕ ಯಾರನ್ನ ಕೇಳಬೇಕು ಅನ್ನೂದು ಅಷ್ಟ ಹೇಳಿ ಹೋಗು."

ಜಯಮಾಲಾ ನಿಂತಳು. ಭೀಮು ಸೀಟಿನ ಮೇಲೆ ಮುಂದೆ ಸರಿದು ಜಾಗ ಮಾಡಿದ್ದ.

"ಗಾಡಿ ಬಂದ್ ಮಾಡೋ," ಎಂದಳು.

"ಅಕ್ಕಾ, ಹುಚ್ಚೇನ ನಿನಗ? ಹತ್ತು!"

"ಬಂದ್ ಮಾಡು ಅಂದೆ."

ಮಲ್ಲು ನೆಲಕ್ಕೆ ಬಿದ್ದು ಅತ್ತ. ಅವನನ್ನು ಎತ್ತಿಕೊಂಡು ತಿರುಗಿದಾಗ ಜಯಮಾಲಾ ಕಂಡಳು: ಚಹಾದ ಅಂಗಡಿಯ ಮುಂದೆ ಗುರವ್ವ ಗ್ಲಾಸಿಗೆ ತುಟಿ ಹಚ್ಚದೆ ಅವಳನ್ನೇ ನೋಡುತ್ತಿದ್ದಾಳೆ, ಆಕೆಯ ಹಿಂದೆ ಅನೀಲಕುಮಾರ ಫೋನು ಹಿಡಿದು ನಿಂತಿದ್ದಾನೆ. ತಾನು ಓಡುವುದನ್ನೇ ಅವರು ಕಾಯುತ್ತಿದ್ದರೆಂದು ತಿಳಿದು ಅವಳು ಮಗನನ್ನು ಬೇವಿನ ನೆರಳಿಗೆ ಹೊತ್ತು ತಂದಳು.

ಎರಡು ತಾಸು ಮುಗಿದಾಗ ಕೂಸನ್ನು ಒಯ್ಯಲು ಗುರವ್ವ ಒಬ್ಬಳೇ ಬಂದಳು. ಮೊಮ್ಮಗನನ್ನು ಸೊಂಟಕ್ಕೆ ಏರಿಸಿಕೊಂಡರೂ ಹೊರಡಲಿಲ್ಲ.

"ನೀ ಓಡಿ ಹೋಗತಿ ಅಂತ ಅನೀಲ ಪಣ ಕಟ್ಟಿದ್ದ," ಎಂದಳು. ಆಮೇಲೆ ಬೇರೆ ಕಡೆ ನೋಡುತ್ತ, "ಸೋಮವಾರ ನಿನ್ನ ತಮ್ಮನ್ನ ಕಳಸು. ಮಾವ ಎಲ್ಲಿ ಅಂತ ಓಣಿ ಮಂದಿ ಕೇಳಾಕತ್ಯಾರ. ಬಾಡಿಗಿ ಮಾವನ್ನ ನಾ ಎಲ್ಲಿಂದ ತರಲಿ? ಅನೀಲಗ ನಾ ಹೇಳ್ತೇನಿ."

ಜಯಮಾಲಾಳಿಗೆ ಕಣ್ಣು ತುಂಬಿ ಬಂತು. "ಮತ್ತ ನಾನ್ರಿ, ಅತ್ತಿ?"

"ಮಾವನ ತೊಡಿ ಬೇಕು ಜವಳಕ್ಕ," ಎಂದಳು ಗುರವ್ವ. "ತಾಯಿ ಬೇಕಂತ ಯಾರೂ ಕೇಳೂದಿಲ್ಲ. ನೀ ಬಂದರ ಅಂವ ಎಲ್ಲಾ ನಿಂದರಸ್ತಾನ."

ಮಾತಿನಲ್ಲಿ ಕೊಂಕಿರಲಿಲ್ಲ, ಅದಕ್ಕೇ ಹೆಚ್ಚು ಇರಿಯಿತು. ಜಯಮಾಲಾ ತಲೆಯಾಡಿಸಿದಳು. ಮಗ ಅಜ್ಜಿಯ ಭುಜದ ಮೇಲಿಂದ ಕೈ ಬೀಸಿದ. ಜಡೆ ಬೆನ್ನ ಮೇಲೆ ಆಡುತ್ತಿತ್ತು. ಅವನ ತಲೆಯ ಮೇಲೆ ಆ ಜಡೆಯನ್ನು ತಾನು ಮತ್ತೆ ನೋಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಅವರು ಕಣ್ಮರೆಯಾದ ಮೇಲೆ ಭೀಮುವಿನ ಹತ್ತಿರ ಹೋದಳು. ಅವನಿನ್ನೂ ಸಿಟ್ಟಿನಲ್ಲೇ ಇದ್ದ.

"ಸೋಮವಾರ ನಿನ್ನ ಕರದಾರ. ಅವಗ ಹೊಸ ಅಂಗಿ ಒಂದು ಅಳತಿ ದೊಡ್ಡದು ತಗೋ. ಕತ್ತರಿ ಕಂಡರ ಅಂಜತಾನ, ಅವನ ಕಣ್ಣಿಗೆ ಕೈ ಅಡ್ಡ ಹಿಡಿ. ಎಡಗಿವಿ ಹಿಂದ ಒಂದು ಮಚ್ಚಿ ಐತಿ, ಅಲ್ಲಿ ಹುಷಾರು ಅಂತ ತಲಿ ಬೋಳಿಸೋ ಹಡಪದವಗ ಹೇಳು."

"ನೀ ಎಲ್ಲಿರ್ತಿ ಅಕ್ಕಾ?"

"ಮನ್ಯಾಗ."

ಹಿಂದೆ ನಿಂತಿದ್ದ ಅಬಿದಾ ಅವಳ ಹೆಗಲ ಮೇಲೆ ಕೈ ಇಟ್ಟಳು. "ಒಬ್ಬಾಕಿನ ಯಾಕ ಕುಂಡ್ರತಿ? ಸೋಮವಾರ ನಾ ಬರ್ತೇನಿ. ಸಿಂದಗಿಯಾಗ ಬಸ್ಸು ಬದಲಿಸಬೇಕು, ಅಲ್ಲಿಂದ ನಿಮ್ಮೂರಿಗೆ ಮುಂಜಾನೆ ಬಸ್ಸು ಎಷ್ಟಕ್ಕೈತಿ, ಅದನ್ನ ಹೇಳು."